ನಿಮ್ಮ ಕಾಲದಲ್ಲಿ ಕೇಸಿರಲಿಲ್ಲ, ಮಾವ

ಸಕಲೇಶಪುರ,
ಭಾನುವಾರ ಮಧ್ಯಾಹ್ನ

ಅವ್ವನ ಅಣ್ಣನೂ, ನನಗೆ ಹೆಣ್ಣು ಕೊಟ್ಟವರೂ, ಕೈಹಿಡಿದು ಕೆಲಸ ಕಲಿಸಿದವರೂ ಆದ ಮಾವನವರಿಗೆ, ರಂಗನ ನಮಸ್ಕಾರ.

ನಾನು ಪಾಳ್ಯದಿಂದ ತಗಡಿನ ಪೆಟ್ಟಿಗೆ ಹೊತ್ತುಕೊಂಡು ಹೆಗ್ಗದ್ದೆ ಕಡೆಯ ಆ ಎಸ್ಟೇಟಿಗೆ ರೈಟರ್ ಕೆಲಸಕ್ಕೆ ಬಂದ ದಿನ, ನೀವು ಸ್ಟೋರಿನ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದಿರಿ. ಊಟ ಆಯಿತೇ ಅಂತ ಕೇಳುವ ಮೊದಲೇ ಹೇಳಿದಿರಿ: "ನೋಡ್ಲಾ ರಂಗ, ನಾನು ಮೇನೇಜರ್ ಆದ್ಮೇಲೆ ಈ ತೋಟದ ಒಬ್ಬ ಆಳೂ ಕೋರ್ಟಿನ ಮೆಟ್ಲು ಹತ್ತಿಲ್ಲ. ಕಾಫಿ ಕಮ್ಮಿ ಆದ್ರೂ ಚಿಂತೆ ಇಲ್ಲ, ಇದೊಂದು ಕೆಡಬಾರ್ದು ಕಣ್ಲಾ." ಆ ಮಾತನ್ನು ನಾನು ಎಷ್ಟು ನಂಬಿದೆ ಅಂದರೆ, ನೀವು ಹೋದ ಮೇಲೆ ನಿಮ್ಮ ಕುರ್ಚಿಯಲ್ಲಿ ಕೂತಾಗ ಮಳೆಗಿಂತ, ಕಾಯಿಕೊರಕ ಹುಳುವಿಗಿಂತ ಹೆಚ್ಚಾಗಿ ಕೇಸಿಗೆ ಹೆದರಿದೆ. ಈಗ ಹೇಳುತ್ತೇನೆ ಕೇಳಿ. ಅದು ಕೆಟ್ಟಿತು. ಒಂದು ಸಲ ಅಲ್ಲ, ಎರಡು ಸಲ. ಎರಡನೆಯದನ್ನು ಕೆಡಿಸಿದವನು ನಾನೇ. ಬೈಯಬೇಕು ಅನ್ನಿಸಿದರೆ ಪೂರ್ತಿ ಓದಿ ಆಮೇಲೆ ಬೈಯಿರಿ.

ಬಿಳಿ ದೊರೆಯ ಕಾಲದಿಂದ ಬಂದ ಕತ್ತಿಯ ಪದ್ಧತಿಯನ್ನು ನೀವು ನನಗೆ ಮೊದಲ ವಾರವೇ ತೋರಿಸಿಕೊಟ್ಟಿದ್ದಿರಿ. ಹೊಸ ಆಳು ಬಂದರೆ ಸ್ಟೋರಿನಿಂದ ಕತ್ತಿ ಕೊಡುವುದು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರೆ ಆಳು ಆದ ಹಾಗೆ. ಲೈನಿನ ಸಾಲುಮನೆಗೆ ಒಯ್ಯುತ್ತಾನೆ, ಹಬ್ಬದಲ್ಲಿ ಕುಂಕುಮ ಇಡುತ್ತಾನೆ, ಅವನ ಅಂಗೈಗೆ ತಕ್ಕ ಹಾಗೆ ಹಿಡಿ ಸವೆಯುತ್ತದೆ. ಬೇಡವಾದ ದಿನ ಮೇನೇಜರ್ "ಕತ್ತಿ ಇಟ್ಟು ಹೋಗು" ಅಂದರೆ ಸಾಕು. ಸ್ಟೋರಿನ ಹೊಸ್ತಿಲ ಮೇಲೆ ಕತ್ತಿ ಇಟ್ಟು, ತಿರುಗಿ ನೋಡದೆ ಹೋಗಿಬಿಡುತ್ತಿದ್ದರು. ಕೂಗಾಟ ಇಲ್ಲ, ರಂಪ ಇಲ್ಲ. "ಮಾತೇ ಬೇಕಾಗಲ್ಲ ನೋಡು" ಅಂತ ನೀವು ಹೆಮ್ಮೆಪಡುತ್ತಿದ್ದಿರಿ. ನನಗೂ ಅದು ದೊಡ್ಡ ಮರ್ಯಾದೆಯ ಪದ್ಧತಿ ಅಂತಲೇ ಕಾಣುತ್ತಿತ್ತು.

ಒಂದು ಸಲ ನೀವು ಮೇಸ್ತ್ರಿಯ ಮಾತು ಕೇಳಿ, ನೆರಳು ಮರದ ಕೊಂಬೆ ಕಡಿದು ಮರಗಸಿ ಮಾಡುವವನೊಬ್ಬನಿಗೆ ಹಾಜರಿಯಲ್ಲಿ ಎಲ್ಲರ ಮುಂದೆ ಕಳ್ಳ ಅಂತ ಬೈದಿದ್ದಿರಿ. ಮಧ್ಯಾಹ್ನದ ಹೊತ್ತಿಗೆ ತಪ್ಪು ಮೇಸ್ತ್ರಿಯದೇ ಅಂತ ಗೊತ್ತಾಯಿತು. ಬೇರೆ ತೋಟದ ಮೇನೇಜರ್ ಆಗಿದ್ದರೆ ಅವನನ್ನು ಆಫೀಸಿಗೆ ಕರೆದು ಬೆನ್ನು ತಟ್ಟಿ ಕಳಿಸುತ್ತಿದ್ದ. ನೀವು ಮಾರನೆಯ ಬೆಳಿಗ್ಗೆ ಹಾಜರಿಗೆ ಕರೆಯುವ ಕಬ್ಬಿಣದ ತುಂಡು ಬಡಿಸಿ, ಅದೇ ಜಾಗದಲ್ಲಿ ನಿಂತು, "ನಿನ್ನೆ ನನ್ನ ಬಾಯಿಂದ ತಪ್ಪು ಬಂತು ಕಣ್ರಪ್ಪ" ಅಂದಿರಿ. ಅವನು ಅತ್ತೇಬಿಟ್ಟ. ಆಮೇಲೆ ನನಗೆ ಹೇಳಿದಿರಿ: "ಎಲ್ರ ಮುಂದೆ ಬೈದಿದ್ದನ್ನ ಎಲ್ರ ಮುಂದೇನೇ ವಾಪಸ್ ತಗಬೇಕು. ಇಲ್ದಿದ್ರೆ ಅದು ಅವನ ಹೊಟ್ಟೆ ಒಳಗೆ ಕೂತ್ಕತೈತೆ, ಒಂದಿನ ಕೋರ್ಟಿನ ಕಾಗದ ಆಗಿ ಬತ್ತೈತೆ." ಕೋಪದಲ್ಲಿ ಕತ್ತಿ ಕೇಳಬೇಡ, ದೂರು ಹೇಳಿದವನ ಮೇಲೆ ಹಗೆ ಸಾಧಿಸಬೇಡ, ನಿನ್ನ ನಂಟನಿಗೊಂದು ನ್ಯಾಯ ಬೇರೆಯವರಿಗೊಂದು ನ್ಯಾಯ ಮಾಡಬೇಡ ಅಂತ ನೀವು ಆಗಾಗ ಹೇಳುತ್ತಿದ್ದುದನ್ನೆಲ್ಲ ನಾನು ಮರೆತಿಲ್ಲ. ಇದೆಲ್ಲ ಸರಿಯೇ ಇತ್ತು. ಸರಿಯಿಲ್ಲದ್ದು ಬೇರೆ ಇತ್ತು, ಅದಕ್ಕೆ ಬರುತ್ತೇನೆ.

ತೋಟದ ಆಳುಗಳಿಗೆಂದೇ ಸರ್ಕಾರ ಕಾಯಿದೆ ತಂದಿದೆ ಅಂತ ಸುದ್ದಿ ಬಂದಾಗ ಸಕಲೇಶಪುರದ ಕಾಫಿ ವ್ಯಾಪಾರಿಗಳ ಮಂಡಿಯಲ್ಲಿ ಎಲ್ಲ ಮೇನೇಜರುಗಳೂ ತಲೆ ಮೇಲೆ ಕೈಹೊತ್ತು ಕೂತಿದ್ದರು. ನೀವೊಬ್ಬರೇ ನಗುತ್ತಿದ್ದಿರಿ. "ನಮ್ಮ ಲೈನಿನವ್ರು ನನ್ನ ಬಿಟ್ಟು ಯಾವ ಆಫೀಸರ್ ಹತ್ರ ಹೋಗ್ತಾರೆ?" ಅಂದಿರಿ. ಹೌದು, ನೀವು ಇರುವ ತನಕ ಯಾರೂ ಹೋಗಲಿಲ್ಲ. ಆ ನಂಬಿಕೆಯಲ್ಲೇ ಕಣ್ಣುಮುಚ್ಚಿದಿರಿ. ಅದೃಷ್ಟವಂತರು.

ಈ ಸಲದ ಮಹಾಲಯಕ್ಕೆ ನಾನೂ ನಿಮ್ಮ ಮಗಳು ಸಾವಿತ್ರಿಯೂ ನಿಮಗೆ ಎಡೆ ಇಡಲು ಪಾಳ್ಯಕ್ಕೆ ಬಂದಿದ್ದೆವಲ್ಲ, ಆ ದಿನವೇ ತೋಟದಲ್ಲಿ ಎಲ್ಲ ನಡೆದುಹೋಯಿತು. ನಿಮ್ಮ ಸಾಹುಕಾರರು ಈಗಿಲ್ಲ, ಅವರ ಮಗ ಬಂದಿದ್ದಾನೆ. ಚಿಕ್ಕ ಸಾಹುಕಾರ ಅನ್ನುತ್ತೇವೆ. ಕೆಟ್ಟವನಲ್ಲ ಮಾವ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಮೊದಲೇ ಎಚ್ಚರದಲ್ಲಿರುತ್ತಿದ್ದೆ. ಎಲ್ಲ ಸಾಮಾನಿನ ಮೇಲೂ ಎಸ್ಟೇಟಿನ ಹೆಸರು ಇರಬೇಕು ಅಂತ ಅವನಿಗೊಂದು ಹುಚ್ಚು. ಮೂಟೆಗೆ ಆಯಿತು, ಬುಟ್ಟಿಗೆ ಆಯಿತು, ಬಂಗಲೆಯ ಚಮಚಕ್ಕೂ ಆಯಿತು. ಉಳಿದದ್ದು ಕತ್ತಿಯ ಹಿಡಿ. ಪೇಟೆಯಿಂದ ಕಮ್ಮಾರನನ್ನು ಕರೆಸಿ, ಸಂಜೆ ಕೆಲಸ ಬಿಡುವ ಹೊತ್ತಿಗೆ ತಾನೇ ಸ್ಟೋರಿನ ಬಾಗಿಲಲ್ಲಿ ನಿಂತು, "ಎಲ್ಲರೂ ಕತ್ತಿ ಇಟ್ಟು ಹೋಗಿ" ಅಂದನಂತೆ. ಯಾಕೆ ಅಂತ ಹೇಳಲಿಲ್ಲ. ಹೇಳಬೇಕು ಅಂತ ಅವನಿಗೆ ಹೊಳೆಯಲೇ ಇಲ್ಲ.

ಮಾರನೆಯ ದಿನ ಬಸ್ಸಿಳಿದು ತೋಟದ ದಾರಿ ಹಿಡಿದಾಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಕಳೆ ಕೊಚ್ಚುವ ಸದ್ದಿಲ್ಲ, ಹೆಂಗಸರ ಮಾತಿಲ್ಲ. ಸ್ಟೋರಿನ ಅಂಗಳದಲ್ಲಿ ಕತ್ತಿಗಳ ರಾಶಿ ಬಿದ್ದಿತ್ತು. ಕಮ್ಮಾರ ಕುಲುಮೆ ಊದಿಕೊಂಡು, ಅಚ್ಚು ಕಾಯಿಸಿ ಹಿಡಿಗಳ ಮೇಲೆ ಮುದ್ರೆ ಒತ್ತುತ್ತಿದ್ದ. ಸುಟ್ಟ ಮರದ ವಾಸನೆ. ಚಿಕ್ಕ ಸಾಹುಕಾರ ನನ್ನನ್ನು ನೋಡಿ, "ರಂಗಪ್ಪ, ನಿನ್ನೆ ಎಂಥ ಶಿಸ್ತು ಅಂತೀರಿ! ಒಬ್ಬರೂ ತುಟಿಪಿಟಕ್ ಅನ್ನದೆ ಇಟ್ಟು ಹೋದರು. ಆದರೆ ಇವತ್ತು ಯಾಕೋ ಹಾಜರಿಗೆ ಯಾರೂ ಬಂದಿಲ್ಲ. ಹಬ್ಬ ಏನಾದ್ರೂ ಇದೆಯಾ?" ಅಂದ. ಮಾವ, ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಾತನ ಕಾಲದಿಂದ ದುಡಿದವರನ್ನು, ಬಸುರಿಯರನ್ನು, ಮುದುಕರನ್ನು, ಇಡೀ ಲೈನನ್ನು ಒಂದೇ ಮಾತಿನಲ್ಲಿ ಕೆಲಸದಿಂದ ತೆಗೆದುಹಾಕಿ, ಇವನು ಶಿಸ್ತು ಅಂತ ಖುಷಿಯಾಗಿದ್ದಾನೆ!

ಅವತ್ತು ಅದೇ ಅಂಗಳದಲ್ಲಿ ನಿಂತು ನಾನು ಅವನಿಗೆ ಪದ್ಧತಿ ವಿವರಿಸಿದೆ. ಇನ್ನೂ ಏನೂ ಕೆಟ್ಟಿಲ್ಲ, ಈಗಲೇ ಕತ್ತಿಗಳನ್ನು ಗಾಡಿಗೆ ಹಾಕಿಸಿ, ನೀವೇ ಲೈನಿಗೆ ಬಂದು, ಒಬ್ಬೊಬ್ಬರ ಕೈಗೂ ಕೊಟ್ಟು, ಗೊತ್ತಿರಲಿಲ್ಲ ಕಣ್ರಪ್ಪ ಅಂದುಬಿಡಿ, ನಾಳೆ ಹಾಜರಿ ತುಂಬಿರುತ್ತೆ ಅಂದೆ. ಮೊದಲು ಗಾಬರಿಯಾದ. ಆಮೇಲೆ ಮುಖ ಬಿಗಿಯಿತು. "ನನ್ನ ಕತ್ತಿ ನಾನು ಕೇಳಿದ್ದಕ್ಕೆ, ನಾನು ಅವರ ಬಾಗಿಲಿಗೆ ಹೋಗಿ ತಪ್ಪಾಯ್ತು ಅನ್ನಬೇಕಾ?" ಅಂದ. ನೀವಾಗಿದ್ದರೆ ಎಲೆಯಡಿಕೆ ಉಗಿದು ಎದ್ದು ಹೊರಡುತ್ತಿದ್ದಿರಿ, ಅವನು ಹಿಂದೆಯೇ ಬರುತ್ತಿದ್ದ. ನಾನು ನೀವಲ್ಲ. ಅವನು ಜೀಪು ಹತ್ತಿ ಹಾಸನಕ್ಕೆ ವಕೀಲರ ಹತ್ತಿರ ಹೋದ. ವಕೀಲರು ಒಳ್ಳೆಯ ದಾರಿ ತೋರಿಸಿದರು: ಆಳುಗಳು ನೋಟಿಸು ಕೊಡದೆ ತಾವೇ ಕೆಲಸ ಬಿಟ್ಟಿದ್ದಾರೆ ಅಂತ ಹೇಳಿ, ಲೈನು ಖಾಲಿ ಮಾಡಿಸಿ, ಘಟ್ಟದ ಕೆಳಗಿನಿಂದ ಹೊಸ ಜನ ಕರೆಸಿ. ಇದನ್ನು ಕೇಳಿದ ಮೇಲೆ ಲೈನಿನವರು ಒಟ್ಟಾಗಿ ನಡೆದುಕೊಂಡೇ ಸಕಲೇಶಪುರಕ್ಕೆ ಹೋಗಿ ಲೇಬರ್ ಆಫೀಸರಿಗೆ ಅರ್ಜಿ ಕೊಟ್ಟರು. ನಿಮ್ಮ ತೋಟದ ಮೊದಲ ಕೇಸು.

ದ್ಯಾವಮ್ಮ ನಿಮಗೆ ನೆನಪಿದ್ದಾಳಲ್ಲ, ಕಣದಲ್ಲಿ ಕಾಫಿ ಹರಡುವಾಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು? ಅರ್ಜಿಯಲ್ಲಿ ಮೊದಲ ಹೆಬ್ಬೆಟ್ಟು ಅವಳದೇ. ನಿಮ್ಮ ಹಾಗೆಯೇ ಮಾಡೋಣ ಅಂತ ನಾನು ಅವಳ ಮನೆಗೆ ಹೋಗಿ ಹೊಸ್ತಿಲಲ್ಲಿ ಕೂತೆ. ಬೆಲ್ಲದ ಕಾಫಿ ಕೊಟ್ಟಳು. "ಅರ್ಜಿ ವಾಪಸ್ ತಗೊಳ್ಳಿ ದ್ಯಾವಮ್ಮ, ನಾನು ಒಳಗೊಳಗೇ ಸರಿ ಮಾಡ್ತೀನಿ. ಮಾವನ ಕಾಲದಲ್ಲಿ ಕೋರ್ಟು ಕಚೇರಿ ಇತ್ತಾ?" ಅಂದೆ. ಅವಳು ಒಲೆಯ ಸೌದೆ ಒಳಗೆ ದೂಡಿ, ನನ್ನ ಎದುರಿಗೆ ಬಂದು ಕೂತಳು.

"ದೊಡ್ಡ ಮೇನೇಜರ ಕಾಲದಾಗೆ ನಾವು ಕೇಸು ಹಾಕ್ನಿಲ್ಲ, ದಿಟ. ಹೆಂಗೆ ಹಾಕದು ಅಂತ ಗೊತ್ತಿದ್ರೆ ತಾನೆ ಹಾಕದು? ನನ್ ಗಂಡನ ಕತ್ತಿ ಕೇಳುದ್ರಲ್ಲ ಅವ್ರು, ಏನಕ್ಕೆ ಅಂತ ಒಂದು ಮಾತು ಹೇಳುದ್ರಾ? ಅವ್ನು ಹೊಸ್ತಿಲ ಮ್ಯಾಗೆ ಇಟ್ಟ, ಘಟ್ಟ ಇಳುದು ಹೋಗ್ಬುಟ್ಟ. ನಾನೇನು ತಪ್ಪು ಮಾಡ್ದೆ ಅಂತ ಕೇಳ್ಕಂಡು ಕೇಳ್ಕಂಡೇ ಹೋದ, ಅಯ್ಯ. ತಿರುಗಿ ಬರ್ನಿಲ್ಲ. ನನ್ನ ಇಟ್ಕಂಡ್ರು, ಅಕ್ಕಿ ಕೊಟ್ರು, ಮಗಳ ಮದುವೆಗೆ ಸೀರೆ ಕೊಟ್ರು. ಒಳ್ಳೇರೇ. ಆದ್ರೆ ಯಾಕೆ ಅಂತ ಮಾತ್ರ ಹೇಳ್ನಿಲ್ಲ."

ಕಾಫಿ ಲೋಟ ಹಾಗೇ ಕೆಳಗಿಟ್ಟು ಎದ್ದೆ. ಅವಳ ಮೇಲೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ನನ್ನ ಮಾವನನ್ನು ಅನ್ನಲು ಇವಳು ಯಾರು ಅಂತ. ಮನೆಗೆ ಬಂದು ಸಾವಿತ್ರಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, "ಅಪ್ಪ ಅವತ್ತು ಊಟ ಮಾಡ್ಲಿಲ್ಲ. ಅಷ್ಟು ನೆನಪೈತೆ ನಂಗೆ. ಅವ್ವ ಕೇಳಿದ್ರೆ, ಮೇಸ್ತ್ರಿ ಏನೋ ಅಂದ, ಕತ್ತಿ ಕೇಳಿಬಿಟ್ಟೆ, ಇನ್ನು ವಾಪಸ್ ಕೊಟ್ರೆ ಮರ್ಯಾದೆ ಏನಾಗ್ತೈತೆ ಅಂದ್ರು" ಅಂದಳು. ಬೈದ ಮಾತನ್ನು ಎಲ್ಲರ ಮುಂದೆ ವಾಪಸ್ ತೆಗೆದುಕೊಂಡವರು ನೀವು. ಕತ್ತಿಯನ್ನು ಯಾಕೆ ವಾಪಸ್ ಕೊಡಲಿಲ್ಲ ಮಾವ? ಬಾಯಿಗೆ ಬಾರದ್ದು ಏನಿತ್ತು? ಒಂದು ಮಾತು... ಹೋಗಲಿ, ಈಗ ಯಾರು ಉತ್ತರ ಹೇಳಬೇಕು.

ಅವತ್ತು ಹಿತ್ತಲಲ್ಲಿ ಕೂತು ನಿಮ್ಮ ಜೊತೆ ಮನಸ್ಸಿನಲ್ಲೇ ಜಗಳ ಆಡಿದೆ. ಚಿಕ್ಕ ಸಾಹುಕಾರನನ್ನು ತಿಳಿಗೇಡಿ ಅಂತ ಬೈದೆನಲ್ಲ, ಅವನು ಮಾಡಿದ್ದೇನು? ಕಾರಣ ಹೇಳದೆ ಕತ್ತಿ ಕೇಳಿದ. ಆ ಪದ್ಧತಿಯನ್ನು ಅವನ ಕೈಗೆ ಕೊಟ್ಟವರು ಯಾರು? ಮಾತು ಬೇಕಾಗಲ್ಲ ಅಂತ ನೀವು ಹೆಮ್ಮೆಪಟ್ಟಿರಿ. ಬೇಕಾಗುತ್ತೆ ಮಾವ! ಯಾಕೆ ತೆಗೆದೆ ಅಂತ ಹೇಳಬೇಕು, ಅವನು ಏನು ಹೇಳುತ್ತಾನೆ ಅಂತ ಕೇಳಬೇಕು, ಕೇಳಿದ ಮೇಲೆ ತಪ್ಪು ನಮ್ಮದಾದರೆ ಹೊಸ್ತಿಲಿನಿಂದ ಕತ್ತಿ ಎತ್ತಿ ನಾವೇ ಕೊಟ್ಟು ಬರಬೇಕು. ಇಷ್ಟು ಮಾಡಿದ ಮೇಲೂ ಕೇಸು ಹಾಕಿದರೆ ಹಾಕಲಿ, ಹೆದರುವುದೇನಿದೆ? ಕೇಸು ಬರದ ಹಾಗೆ ನೋಡಿಕೊಳ್ಳುವುದೇ ಮೇನೇಜರನ ಕೆಲಸ ಅಂತ ನೀವು ಕಲಿಸಿದಿರಿ. ಕೇಸಿಗೆ ಕಾರಣ ಬರದ ಹಾಗೆ ನೋಡಿಕೊಳ್ಳುವುದು ಅಂತ ನಾನು ತಿದ್ದಿಕೊಂಡೆ. ನಿಮಗೆ ಇದು ಅಧಿಕಪ್ರಸಂಗ ಅನ್ನಿಸಿದರೆ ಅನ್ನಿಸಲಿ.

ಲೇಬರ್ ಆಫೀಸರ್ ವಿಚಾರಣೆಗೆ ಕರೆದ ದಿನ ಅವರ ಕಚೇರಿಯ ಹೊರಗೆ ಲೈನಿನವರೆಲ್ಲ ಬಿಸಿಲಲ್ಲಿ ಕೂತಿದ್ದರು. ಒಳಗೆ ಹೋಗುವ ಮುಂಚೆ ಚಿಕ್ಕ ಸಾಹುಕಾರ ನನ್ನನ್ನು ಜೀಪಿನ ಹತ್ತಿರ ಕರೆದ. "ರಂಗಪ್ಪ, ಏನೂ ಸುಳ್ಳು ಹೇಳೋದು ಬೇಡ. ಅವರೇ ಕೆಲಸಕ್ಕೆ ಬರಲಿಲ್ಲ ಅಂತ ಹೇಳಿ ಸಾಕು. ಅದು ನಿಜ ತಾನೆ?" ಅಂದ. ನಿಜವೇ. ಅಷ್ಟು ಹೇಳಿದ್ದರೆ ನನ್ನ ಕೆಲಸ, ಮನೆ, ಸಾವಿತ್ರಿಯ ಹಿತ್ತಲು ಎಲ್ಲ ಹಾಗೇ ಇರುತ್ತಿತ್ತು. ಆಫೀಸರ್ ಕೇಳಿದರು, ಅವರು ಬರಲಿಲ್ಲವೇ? ಬರಲಿಲ್ಲ ಅಂದೆ. ಸಾಹುಕಾರನ ವಕೀಲರು ಕಾಗದ ಮಡಚಿಕೊಂಡರು. ಆಗ ಆಫೀಸರ್, "ಮತ್ತೆ ಇವರು ಕತ್ತಿ ಕತ್ತಿ ಅಂತಿದಾರಲ್ಲ, ಅದೇನು?" ಅಂದರು.

ವಕೀಲರು, ಅದು ಈ ವಿಚಾರಕ್ಕೆ ಸಂಬಂಧಪಟ್ಟದ್ದಲ್ಲ ಅಂತ ಎದ್ದರು. ನಾನು ಕೂತಲ್ಲಿಂದಲೇ ಗಟ್ಟಿಯಾಗಿ ಹೇಳಿದೆ: "ಸ್ವಾಮಿ, ನಮ್ಮ ತೋಟದಲ್ಲಿ ಕತ್ತಿ ಕೇಳಿದರೆ ಕೆಲಸದಿಂದ ತೆಗೆದ ಹಾಗೆ. ಎಲ್ಲರಿಗೂ ಗೊತ್ತು. ನನ್ನ ಮಾವ ಹಾಗೆಯೇ ತೆಗೆಯುತ್ತಿದ್ದರು, ನಾನೂ ಹಾಗೆಯೇ ತೆಗೆದಿದ್ದೇನೆ. ಸಾಹುಕಾರರಿಗೆ ಗೊತ್ತಿರಲಿಲ್ಲ, ಅದು ಅವರ ತಪ್ಪಲ್ಲ. ಗೊತ್ತಾದ ಮೇಲೂ ಕತ್ತಿ ವಾಪಸ್ ಕೊಡಲಿಲ್ಲ, ಅದು ತಪ್ಪು." ಆಫೀಸರ್ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸಿದರು. ವಾರದೊಳಗೆ ಎಲ್ಲರೂ ಕೆಲಸಕ್ಕೆ ಹೋದರು. ಮುದ್ರೆ ಬಿದ್ದ ಕತ್ತಿಗಳನ್ನೇ ಹಿಡಿದು.

ನನ್ನನ್ನು ತೆಗೆದದ್ದು ಕುಯ್ಲು ಶುರುವಾಗುವ ಮೊದಲು. ಡ್ರೈವರ್ ಬಂದು, "ಬಂಗಲೆಯೋರು ಹೇಳವ್ರೆ, ಮನೆ ಖಾಲಿ ಮಾಡ್ಬೇಕಂತೆ" ಅಂದ. ಅಷ್ಟೇ. ಯಾಕೆ ಅಂತ ಕೇಳಲು ಬಂಗಲೆಗೆ ಹೋದೆ. ಚಿಕ್ಕ ಸಾಹುಕಾರ ಜಗಲಿಯಲ್ಲೇ ಇದ್ದ. ನನ್ನನ್ನು ಕಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬಾಗಿಲ ಹೊರಗೆ ನಿಂತಾಗ ದ್ಯಾವಮ್ಮನ ಗಂಡನಿಗೆ ಏನಾಗಿರಬೇಕು ಅಂತ ನನಗೆ ಆವತ್ತು ಪೂರ್ತಿ ಅರ್ಥವಾಯಿತು. ಆದರೆ ನಾನು ಘಟ್ಟ ಇಳಿದು ಹೋಗುವವನಲ್ಲ. ಸಕಲೇಶಪುರದಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರ, ಕಾಫಿ ಮಂಡಿಯೂ ಲಾರಿಗಳೂ ಇರುವ ಸಾಬರ ಮನೆಯ ಮುಂಭಾಗ ಬಾಡಿಗೆಗೆ ಹಿಡಿದಿದ್ದೇನೆ. ಅವರದೇ ಮಂಡಿಯಲ್ಲಿ ಬರೆಯುವ ಕೆಲಸ ಸದ್ಯಕ್ಕೆ.

ಪೇಟೆಯ ವಕೀಲರೊಬ್ಬರ ಹತ್ತಿರ ಮೊದಲ ಸಲ ಹೋದಾಗ ಅವರು ನಕ್ಕುಬಿಟ್ಟರು. "ನೀವು ಮೇನೇಜರು. ಆ ಕಾಯಿದೆ ಆಳುಗಳಿಗೆ, ನಿಮಗಲ್ಲ. ನೀವು ಹಾಸನದ ಸಿವಿಲ್ ಕೋರ್ಟಿಗೇ ಹೋಗಬೇಕು. ವರ್ಷಗಟ್ಟಲೆ ಎಳೆಯುತ್ತೆ, ಗೆಲ್ಲೋದು ಕಷ್ಟ, ಆಮೇಲೆ ಯಾವ ಎಸ್ಟೇಟಿನವರೂ ಹತ್ತಿರ ಸೇರಿಸಲ್ಲ" ಅಂದರು. ಮನೆಗೆ ಬಂದು ಸಾವಿತ್ರಿಗೆ ಎಲ್ಲ ಹೇಳಿದೆ. ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ, ಬೇಡ ಅಂದಿದ್ದರೆ ಬಿಡುತ್ತಿದ್ದೆನೋ ಏನೋ. ನಿಮ್ಮ ಮಗಳು ಸೆರಗು ಸಿಕ್ಕಿಸಿಕೊಂಡು, "ಗೆಲ್ಲೋದು ಆಮೇಲಿನ ಮಾತು. ಯಾಕೆ ತೆಗೆದೆ ಅಂತ ಆ ಮನುಷ್ಯ ಜಡ್ಜಿ ಮುಂದೆ ಬಾಯಿಬಿಟ್ಟು ಹೇಳ್ಬೇಕಾಗ್ತೈತಾ?" ಅಂತ ಕೇಳಿದಳು. ಹೇಳಬೇಕಾಗುತ್ತೆ ಅಂದೆ. "ಹಂಗಾದ್ರೆ ಹಾಕಿ" ಅಂದಳು. ಆ ವಕೀಲರ ಕೈಯಲ್ಲೇ ಹಾಕಿಸಿದೆ.

ಮೊನ್ನೆ ಸಂತೆಯ ದಿನ ದ್ಯಾವಮ್ಮ ಇಲ್ಲಿಗೆ ಬಂದಿದ್ದಳು. ಲೈನಿನಲ್ಲಿ ನನ್ನ ಕೇಸಿನ ಸುದ್ದಿ ಮುಟ್ಟಿದೆ. ಬಾಳೆಗೊನೆ ಕೆಳಗಿಟ್ಟು, ಕೂತುಕೊಳ್ಳುವ ಮೊದಲೇ, "ನಿಮ್ಗೆ ಸಾಕ್ಷಿ ಬೇಕಲ್ವಾ, ಅಯ್ಯ? ನಾನು ಬತ್ತೀನಿ" ಅಂದಳು.

"ಬಂದು ಏನು ಹೇಳ್ತೀಯ?"

"ನಮ್ಮ ಪರ ನಿಜ ಹೇಳುದ್ರು, ಅದಕ್ಕೆ ತೆಗುದ್ರು ಅಂತ. ಇನ್ನೇನೈತೆ ಹೇಳಕ್ಕೆ?"

"ಸಾಹುಕಾರ ನಿನ್ನನ್ನೂ ತೆಗೆದರೆ?"

"ತೆಗೀಲಿ ಬುಡಿ. ಅವ್ರಿಗೆ ಕೇಸು ಇನ್ನೊಂದು ಆಯ್ತದೆ" ಅಂದು ನಕ್ಕಳು. ಕಣದಲ್ಲಿ ನಗುತ್ತಿದ್ದ ಹಾಗೆಯೇ, ಸಾಬರ ಮನೆಯವರು ಹಣಕಿ ನೋಡುವ ಹಾಗೆ.

ಮಾವ, ನಾಳೆ ಬೆಳಿಗ್ಗೆಯ ಬಸ್ಸಿಗೆ ನಾವು ಮೂವರೂ ಮೊದಲ ವಿಚಾರಣೆಗೆ ಹಾಸನಕ್ಕೆ ಹೋಗುತ್ತಿದ್ದೇವೆ. ನಾನು ಕೋರ್ಟಿನ ಮೆಟ್ಟಿಲು ಹತ್ತುವಾಗ ಒಂದು ಕಡೆ ನಿಮ್ಮ ಮಗಳು ಇರುತ್ತಾಳೆ, ಇನ್ನೊಂದು ಕಡೆ ನೀವು ಕಾರಣ ಹೇಳದೆ ಕಳಿಸಿದವನ ಹೆಂಡತಿ ಇರುತ್ತಾಳೆ. ನಿಮ್ಮ ಅಪ್ಪಣೆ ಕೇಳುವುದಕ್ಕೆ ಬರೆದದ್ದಲ್ಲ ಇದು. ಜಡ್ಜಿ ನನ್ನನ್ನು ಕೇಳಿದರೆ ನಿಮ್ಮ ಹೆಸರೂ ಹೇಳುತ್ತೇನೆ, ದ್ಯಾವಮ್ಮನ ಗಂಡನ ಹೆಸರೂ ಹೇಳುತ್ತೇನೆ. ಅವನ ಹೆಸರು ಚೆನ್ನ. ನೀವು ಅಲ್ಲಿ ಅವನನ್ನು ಕಂಡರೆ, ಯಾಕೆ ಅಂತ ಹೇಳಿಬಿಡಿ.

ಮಣಿಯದ ನಿಮ್ಮ ಅಳಿಯ,
ರಂಗ